ಟಚ್‌ಪ್ಯಾಡ್ ಕೈಕೊಟ್ಟಾಗ: ಎಲ್ಲಿಯ ತನಕ ಸರಿ ಇದೆ?

ನಮ್ಮ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಭಾಯಿ ಡಿಪ್ಲೊಮಾ ಓದುವಾಗ ಸೆಕೆಂಡ್ ಹ್ಯಾಂಡ್ ಕೊಂಡದ್ದು. ವಿಂಡೋಸ್ ತೀರಾ ನಿಧಾನವಾದ ಮೇಲೆ ಅವನೇ ಅದಕ್ಕೆ ಉಬುಂಟು ಲಿನಕ್ಸ್ ಹಾಕಿ ಕೊಟ್ಟ. ಹಗಲು ಹೊತ್ತು ಆಪಾ ಅದರಲ್ಲಿ ಟೈಪಿಂಗ್ ಮಾಡುತ್ತಾಳೆ: ಶಾದಿ ಕಾರ್ಡಿನ ಬರಹ, ಕಾಲೇಜು ಹುಡುಗರ ಪ್ರಾಜೆಕ್ಟ್, ಅರ್ಜಿಗಳು. ಮನೆಯ ಕರೆಂಟ್ ಬಿಲ್ಲು, ನನ್ನ ಬಸ್ ಪಾಸು ಎರಡೂ ಆ ದುಡ್ಡಿನಲ್ಲೇ ಆಗುತ್ತವೆ. ರಾತ್ರಿ ಮಾತ್ರ ಅದು ನನ್ನದು.

ಕಳೆದ ಮೇ ತಿಂಗಳಲ್ಲಿ ಒಂದು ದಿನ ಅದರ ಟಚ್‌ಪ್ಯಾಡ್ ಸುಮ್ಮನಾಯಿತು. ಬೆರಳು ಎಳೆದರೆ ಬಾಣ ಒಮ್ಮೆ ಸ್ವಲ್ಪ ಸರಿದು ನಿಂತುಬಿಡುತ್ತಿತ್ತು. ಕ್ಲಿಕ್ ಅಂತೂ ಆಗುತ್ತಲೇ ಇರಲಿಲ್ಲ. ಆಪಾ ಇನ್ನೂ ಜೋರಾಗಿ ಒತ್ತಿದಳು. ನಾನು ಅದಕ್ಕಿಂತ ಜೋರಾಗಿ ಒತ್ತಿದೆ. ಮರುದಿನ ಒಂದು ಅಂಗಡಿಗೆ ಒಯ್ದೆ. ಅಂಗಡಿಯವರು ಆನ್ ಮಾಡಿ ನೋಡಿ, "ತಮ್ಮಾ, ಮೊದ್ಲು ಈ ಲಿನಕ್ಸ್ ತೆಗೀಬೇಕು. ಅದಕ್ಕೂ ಸರಿ ಆಗಲಿಲ್ಲಂದ್ರ ಮದರ್‌ಬೋರ್ಡ್ ಹೋಗ್ಯಾದ ಅಂತ ತಿಳಿ, 7 ಸಾವಿರ ಆಗ್ತದ" ಅಂದರು. ಅಬ್ಬಾ ಶಹಾಬಾದಿನ ಕಲ್ಲು ಪಾಲಿಶ್ ಕೆಲಸದವರು. 7 ಸಾವಿರ ಅಂದರೆ ನಮಗೆ ಸಣ್ಣ ಮಾತಲ್ಲ. ಲ್ಯಾಪ್‌ಟಾಪ್ ವಾಪಸ್ ತಂದು ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಮುಂದೆ ಇಟ್ಟೆ.

ಸರ್ ಅದನ್ನು ಮುಟ್ಟಲೇ ಇಲ್ಲ. "ಏನಾಗ್ಯಾದ ಅಂತ ಊಹೆ ಮಾಡಬ್ಯಾಡ. ಎಲ್ಲಿ ತನಕ ಸರಿ ಅದ ಅಂತ ನೋಡ್ಕೋತ ಹೋಗು. ನೋಡಿದ್ದೆಲ್ಲ ಬರ್ದು ಇಡು" ಅಂದರು. ಆ ಒಂದು ಮಾತಿನಿಂದ ನಾನು ಕಲಿತದ್ದನ್ನು ನಿಮಗೆ ಹೇಳಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ವಾಡಿ, ಚಿತ್ತಾಪುರ, ಸೇಡಂನಿಂದ ಬರುವ ನಮ್ಮ ಗೆಳೆಯರಲ್ಲಿ, ಚಿಂಚೋಳಿಯಿಂದ ಬಂದು ಹಾಸ್ಟೆಲ್‌ನಲ್ಲಿರುವವರಲ್ಲಿ ಇಂಥ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರು ಬಹಳ ಜನ ಇದ್ದಾರೆ.

ಟಚ್‌ಪ್ಯಾಡ್ ಕೆಲಸ ಮಾಡುವುದು ಹೇಗೆ?

ದ್ವಿತೀಯ ಪಿಯುಸಿ ಭೌತಶಾಸ್ತ್ರದ 2ನೇ ಅಧ್ಯಾಯದಲ್ಲಿ ಕೆಪಾಸಿಟರ್ ಓದುತ್ತೇವಲ್ಲ, ಟಚ್‌ಪ್ಯಾಡ್ ಅದೇ ತತ್ವದ್ದು. ಅದರ ಮೇಲ್ಪದರದ ಕೆಳಗೆ ಅಡ್ಡ ಮತ್ತು ಉದ್ದ ತೆಳುವಾದ ವಾಹಕ ಗೆರೆಗಳ ಜಾಲ ಇರುತ್ತದೆ. ಬೆರಳು ಹತ್ತಿರ ಬಂದರೆ ಆ ಜಾಗದ ಧಾರಕತೆ ಬದಲಾಗುತ್ತದೆ. ಒಳಗಿನ ಸಣ್ಣ ಚಿಪ್ ಆ ಬದಲಾವಣೆ ಅಳೆದು ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅದಕ್ಕೇ ಪ್ಲಾಸ್ಟಿಕ್ ಪೆನ್ನಿನಿಂದ ಎಳೆದರೆ ಬಾಣ ಸರಿಯುವುದಿಲ್ಲ, ಬೆರಳು ಒದ್ದೆ ಇದ್ದರೆ ದಾರಿ ತಪ್ಪುತ್ತದೆ. ಇಂಥ ಟಚ್‌ಪ್ಯಾಡ್‌ಗಳಿಗೆ ಹೆಸರಾದ ಸಿನಾಪ್ಟಿಕ್ಸ್ ಕಂಪನಿಯನ್ನು 1986ರಲ್ಲಿ ಕಟ್ಟಿದವರಲ್ಲಿ ಫೆಡೆರಿಕೊ ಫ್ಯಾಗಿನ್ ಒಬ್ಬರು. 1971ರ ಇಂಟೆಲ್ 4004 ಮೈಕ್ರೊಪ್ರೊಸೆಸರ್ ರೂಪಿಸಿದ ತಂಡದ ಮುಂದಾಳೂ ಅವರೇ.

ಕ್ಲಿಕ್ ಮಾತ್ರ ಬೇರೆ. ನಮ್ಮಂಥ ಲ್ಯಾಪ್‌ಟಾಪ್‌ಗಳಲ್ಲಿ ಇಡೀ ಹಲಗೆಯೇ ಒಂದು ಗುಂಡಿ. ಅದನ್ನು ಒತ್ತಿದರೆ ಕೆಳಗಿನ ಸಣ್ಣ ಸ್ವಿಚ್ ಕೂಡಿಕೊಳ್ಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆರಳಿನ ಸುದ್ದಿ ಪರದೆಗೆ ಮುಟ್ಟಲು ನಾಲ್ಕು ಮೆಟ್ಟಿಲು ಹತ್ತಬೇಕು. ಮೊದಲನೆಯದು ಹಲಗೆ ಮತ್ತು ಚಿಪ್. ಎರಡನೆಯದು ಲಿನಕ್ಸ್ ಕರ್ನಲ್ ಒಳಗಿನ ಡ್ರೈವರ್. ಮೂರನೆಯದು ಡ್ರೈವರ್ ಕೊಟ್ಟ ಅಂಕಿಗಳನ್ನು ಚಲನೆ, ಕ್ಲಿಕ್, ಸ್ಕ್ರೋಲ್ ಎಂದು ಅರ್ಥ ಮಾಡುವ ಲಿಬ್‌ಇನ್‌ಪುಟ್ ಎಂಬ ಭಾಗ. ನಾಲ್ಕನೆಯದು ನಮ್ಮ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್. ಮನೆಯ ನಳಕ್ಕೆ ನೀರು ಬರದಿದ್ದರೆ ಮೊದಲು ನಳ ತಿರುಗಿಸಿ ನೋಡುತ್ತೇವೆ, ಆಮೇಲೆ ವಾಲ್ವ್, ಆಮೇಲೆ ಟ್ಯಾಂಕ್. ಮೊದಲೇ ಟ್ಯಾಂಕ್ ಒಡೆಯುವುದಿಲ್ಲ. ಇಲ್ಲಿಯೂ ಖರ್ಚಿಲ್ಲದ ಮೇಲಿನ ಮೆಟ್ಟಿಲಿನಿಂದ ಕೆಳಗೆ ಇಳಿಯಬೇಕು.

ಮೌಸ್ ಇಲ್ಲದೆ ಓಡಾಡುವುದು

ಲ್ಯಾಬಿನಿಂದ ಒಂದು ಯುಎಸ್‌ಬಿ ಮೌಸ್ ಕೇಳಿ ತಂದರೆ ಸುಲಭ. ಸಿಗದಿದ್ದರೆ ಕೀಬೋರ್ಡ್ ಸಾಕು. ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರೂ ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ವಿಂಡೋಸ್ ಗುರುತಿನ ಕೀ ಒತ್ತಿ ಹೆಸರು ಹೊಡೆದರೆ ಯಾವ ಪ್ರೋಗ್ರಾಂ ಬೇಕೋ ಅದು ಸಿಗುತ್ತದೆ. ಟ್ಯಾಬ್‌ನಿಂದ ಮುಂದೆ ಹೋಗಿ, ಸ್ಪೇಸ್ ಅಥವಾ ಎಂಟರ್‌ನಿಂದ ಆರಿಸಬಹುದು. ಆಪಾ ಎರಡು ದಿನ ಹೀಗೆಯೇ ಕೆಲಸ ಸಾಗಿಸಿದಳು.

ಕೆಳಗಿನ ಆದೇಶಗಳನ್ನು ಓದಲು ಅನುಕೂಲವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಆ ಚೀಟಿಯನ್ನು ಲ್ಯಾಬಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ.

ಹೆಜ್ಜೆ 1: ಗುಂಡಿ ಮತ್ತು ಸೆಟ್ಟಿಂಗ್ಸ್

ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಎಫ್ ಕೀಗಳ ಪೈಕಿ ಒಂದರ ಮೇಲೆ ಟಚ್‌ಪ್ಯಾಡ್ ಚಿತ್ರ ಇರುತ್ತದೆ. ಧೂಳು ಒರೆಸುವಾಗ ಎಫ್‌ಎನ್ ಜೊತೆ ಅದು ಒತ್ತಿಹೋದರೆ ಟಚ್‌ಪ್ಯಾಡ್ ಬಂದ್ ಆಗುತ್ತದೆ. ನಮ್ಮ ಕಡೆ ಕಲ್ಲಿನ ಧೂಳು, ಸಿಮೆಂಟ್ ಧೂಳು ಎರಡೂ ಇರುವುದರಿಂದ ಒರೆಸುವುದಂತೂ ತಪ್ಪಿದ್ದಲ್ಲ. ಮತ್ತೊಮ್ಮೆ ಅದನ್ನೇ ಒತ್ತಿ ನೋಡಿ. ಆಮೇಲೆ ಸೆಟ್ಟಿಂಗ್ಸ್ ಒಳಗೆ ಮೌಸ್ ಮತ್ತು ಟಚ್‌ಪ್ಯಾಡ್ ಪುಟದಲ್ಲಿ ಟಚ್‌ಪ್ಯಾಡ್ ಆನ್ ಇದೆಯೇ ನೋಡಿ. ನಮ್ಮದು ಆನ್ ಇತ್ತು. ನೋಟ್‌ಬುಕ್‌ನಲ್ಲಿ ಬರೆದೆ: ನಾಲ್ಕನೆಯ ಮೆಟ್ಟಿಲು ಸರಿ.

ಹೆಜ್ಜೆ 2: ಪೂರ್ತಿ ಆಫ್ ಮಾಡಿ ಆನ್ ಮಾಡುವುದು

ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆ ಹೋಗುತ್ತದೆ, ಆಫ್ ಆಗುವುದಿಲ್ಲ. ನಿದ್ದೆಯಿಂದ ಎದ್ದಾಗ ಕೆಲವೊಮ್ಮೆ ಟಚ್‌ಪ್ಯಾಡ್ ಮಾತ್ರ ಏಳುವುದಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ನಮ್ಮದರಲ್ಲಿ ಏನೂ ಬದಲಾಗಲಿಲ್ಲ.

ಹೆಜ್ಜೆ 3: ಕರ್ನಲ್‌ಗೆ ಟಚ್‌ಪ್ಯಾಡ್ ಕಾಣಿಸುತ್ತಿದೆಯೇ?

ಕರ್ನಲ್ ತಾನು ಕಂಡ ಕೀಬೋರ್ಡ್, ಮೌಸ್ ಎಲ್ಲದರ ಪಟ್ಟಿಯನ್ನು ಒಂದು ಕಡತದಲ್ಲಿ ಇಡುತ್ತದೆ. ಪ್ರಾಕ್, ಅದರೊಳಗೆ ಬಸ್, ಅದರೊಳಗೆ ಇನ್‌ಪುಟ್, ಅದರೊಳಗೆ ಡಿವೈಸಸ್. ಕ್ಯಾಟ್ ಆದೇಶದಿಂದ ಅದನ್ನು ಓದಿ. ಪಟ್ಟಿಯಲ್ಲಿ ಟಚ್‌ಪ್ಯಾಡ್ ಹೆಸರು ಇಲ್ಲದಿದ್ದರೆ ಡ್ರೈವರ್ ಅಥವಾ ಅದಕ್ಕಿಂತ ಕೆಳಗೆ ತೊಂದರೆ ಇದೆ. ಹಳೆಯ ಟಚ್‌ಪ್ಯಾಡ್‌ಗಳಿಗೆ ಸಾಮಾನ್ಯವಾಗಿ ಪಿಎಸ್‌ಮೌಸ್ ಎಂಬ ಡ್ರೈವರ್, ಹೊಸವಕ್ಕೆ ಐ2ಸಿ ಹಿಡ್ ಎಂಬುದು. ಪಿಎಸ್‌ಮೌಸ್ ಆದರೆ, "ಸುಡೊ ಮಾಡ್‌ಪ್ರೋಬ್" ಆದೇಶಕ್ಕೆ ಮೈನಸ್ ಆರ್ ಸೇರಿಸಿ ಅದನ್ನು ಇಳಿಸಿ, ಮೈನಸ್ ಆರ್ ಇಲ್ಲದೆ ಮತ್ತೆ ಏರಿಸಬಹುದು. ನಿದ್ದೆಯ ನಂತರ ಸತ್ತಂತೆ ಬಿದ್ದ ಟಚ್‌ಪ್ಯಾಡ್ ಎಷ್ಟೋ ಸಲ ಇಷ್ಟಕ್ಕೇ ಎದ್ದುಬಿಡುತ್ತದೆ. "ಸುಡೊ ಡಿಮೆಸೇಜ್" ಎಂದು ಹೊಡೆದರೆ ಕರ್ನಲ್ ಬರೆದಿಟ್ಟ ದೂರುಗಳೂ ಕಾಣುತ್ತವೆ.

ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾದರೆ, ಆನ್ ಆಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಸರಿ ಇದ್ದರೆ ಹೊಸ ಕರ್ನಲ್ ಮೇಲೆ ಅನುಮಾನ ಪಡಬಹುದು.

ನಮ್ಮ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಟಚ್‌ಪ್ಯಾಡ್ ಇತ್ತು. ಇಳಿಸಿ ಏರಿಸಿದರೂ ಸರಿಯಾಗಲಿಲ್ಲ. ಹಳೆಯ ಕರ್ನಲ್‌ನಲ್ಲೂ ಅದೇ ಕತೆ. ಎಲ್ಲವನ್ನೂ ಬರೆದೆ.

ಹೆಜ್ಜೆ 4: ಬೆರಳಿನ ಸುದ್ದಿ ಬರುತ್ತಿದೆಯೇ?

ಇವಿಟೆಸ್ಟ್ ಎಂಬ ಸಣ್ಣ ಸಾಧನವಿದೆ. ಮೊಬೈಲ್‌ನಿಂದ ಇಂಟರ್ನೆಟ್ ಕೊಟ್ಟು "ಸುಡೊ ಆಪ್ಟ್ ಇನ್‌ಸ್ಟಾಲ್" ಮೂಲಕ ಹಾಕಿಕೊಂಡೆ. ಸುಡೊ ಜೊತೆ ಅದನ್ನು ಓಡಿಸಿ ಪಟ್ಟಿಯಿಂದ ಟಚ್‌ಪ್ಯಾಡ್ ಆರಿಸಿದರೆ, ಚಿಪ್ ಕಳಿಸುವ ಪ್ರತಿಯೊಂದು ಅಂಕಿ ಪರದೆಯ ಮೇಲೆ ಇಳಿಯುತ್ತಾ ಹೋಗುತ್ತದೆ. ಬೆರಳು ಎಳೆದೆ. ಅಂಕಿಗಳು ಸರಸರ ಬಂದವು. ಅಂದರೆ ಚಿಪ್ ಬದುಕಿದೆ, ಡ್ರೈವರ್ ಬದುಕಿದೆ. ಮದರ್‌ಬೋರ್ಡ್ ಹೋಗಿದೆ ಅನ್ನುವ ಮಾತಿಗೆ ಆಧಾರವೇ ಇರಲಿಲ್ಲ.

ಆಮೇಲೆ ಕೈ ಪೂರ್ತಿ ತೆಗೆದು, ಲ್ಯಾಪ್‌ಟಾಪನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಯಾರೂ ಒತ್ತದಿದ್ದರೂ ಎಡ ಗುಂಡಿಯ ಮುಂದೆ 1 ಬಂತು. ಆಮೇಲೆ 0, ಮತ್ತೆ 1. ಆ ಯಂತ್ರ ಹೇಳುತ್ತಿದ್ದದ್ದು ಇಷ್ಟೇ: ನನ್ನ ಗುಂಡಿಯನ್ನು ಯಾರೋ ಒತ್ತುತ್ತಿದ್ದಾರೆ.

ಲಿನಕ್ಸ್ ತೆಗೆದಿದ್ದರೂ ಇದು ಹೋಗುತ್ತಿರಲಿಲ್ಲ. ನಿಮಗೆ ಅನುಮಾನ ಇದ್ದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ನೇರ ಓಡಿಸಿ ನೋಡಬಹುದು, ಹಾರ್ಡ್ ಡಿಸ್ಕಿನಲ್ಲಿರುವುದಕ್ಕೆ ಏನೂ ಆಗುವುದಿಲ್ಲ. ಅಲ್ಲಿಯೂ ಅದೇ ತೊಂದರೆ ಕಂಡರೆ ತಪ್ಪು ಬಹುಮಟ್ಟಿಗೆ ಯಂತ್ರದ್ದೇ.

ಒತ್ತುತ್ತಿದ್ದದ್ದು ಯಾರು?

ಅಂದು ಸಂಜೆ ಅಬ್ಬಾ ಕೆಲಸದಿಂದ ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಪಡಸಾಲೆಯ ನೆಲದ ಮೇಲೆ ಇಟ್ಟಿದ್ದೆ. ನಮ್ಮದು ಶಹಾಬಾದ್ ಕಲ್ಲಿನ ನೆಲ. ಅಬ್ಬಾ ಒಂದು ಮೂಲೆ ಮುಟ್ಟಿದರು, ಅದು ಅಲುಗಾಡಿತು. ಕಲ್ಲಿನ ಮಟ್ಟ ನೋಡುವ ಹಾಗೆ ನೆಲಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. "ಬೇಟಾ, ಕಲ್ಲು ಮಟ್ಟ ಅದ. ನಿನ್ನ ಯಂತ್ರದ ಹೊಟ್ಟಿ ಉಬ್ಬ್ಯಾದ" ಅಂದರು.

ಬ್ಯಾಟರಿ ಉಬ್ಬಿತ್ತು. ನಮ್ಮ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುವುದು ಸರಿಯಾಗಿ ಟಚ್‌ಪ್ಯಾಡ್ ಕೆಳಗೆ. ಅದು ಉಬ್ಬಿ ಹಲಗೆಯನ್ನು ಕೆಳಗಿನಿಂದ ಒತ್ತಿ ಸ್ವಿಚ್ ಕೂಡಿಸುತ್ತಿತ್ತು. ಇಷ್ಟು ದಿನ ಆಪಾ ಹಾಸಿಗೆಯ ಮೇಲೆ, ತೊಡೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾವಿಬ್ಬರೂ ಜೋರಾಗಿ ಒತ್ತಿದ್ದು ಆ ಉಬ್ಬಿದ ಬ್ಯಾಟರಿಯನ್ನೇ. ಅದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿ ಹಳೆಯದಾದಂತೆ ಒಳಗಿನ ದ್ರಾವಣ ಒಡೆದು ಅನಿಲ ಹುಟ್ಟುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಚೀಲ ಉಬ್ಬುತ್ತದೆ. ಬಿಸಿ ಮತ್ತು ಸದಾ ಪೂರ್ತಿ ಚಾರ್ಜಿನಲ್ಲಿ ಇಡುವುದು, ಎರಡೂ ಇದನ್ನು ಬೇಗ ಮಾಡುತ್ತವೆ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟ್ ಯಾವಾಗ ಹೋಗುವುದೋ ಎಂದು ನಾವು ಚಾರ್ಜರ್ ತೆಗೆಯುವುದೇ ಇಲ್ಲ. ಉಬ್ಬಿದ ಬ್ಯಾಟರಿಗೆ ಚೂಪಾದದ್ದು ತಾಗಿದರೆ ಅಥವಾ ಅದು ಬಾಗಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು.

ಕೂಡಲೇ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆದೆವು. ರಾತ್ರಿ ಅದನ್ನು ಹಾಸಿಗೆ, ಬಟ್ಟೆಯಿಂದ ದೂರ ಕಲ್ಲಿನ ನೆಲದ ಮೇಲೇ ಬಿಟ್ಟೆವು. ಮರುದಿನ ಕಲಬುರಗಿಯಲ್ಲಿ ಕೆಲಸ ಬಲ್ಲ ಒಬ್ಬರು ಬ್ಯಾಟರಿ ಬಿಚ್ಚಿ ತೆಗೆದರು. ಬರೀ ಚಾರ್ಜರ್ ಮೇಲೆ ಆನ್ ಮಾಡಿದರೆ ಟಚ್‌ಪ್ಯಾಡ್ ಮೊದಲಿನ ಹಾಗೇ ಓಡಿತು. ಹೊಸ ಬ್ಯಾಟರಿಗೆ 1900 ರೂಪಾಯಿ ಆಯಿತು. ಹಳೆಯದನ್ನು ಅವರ ಕೈಗೇ ಕೊಟ್ಟು ಬಂದೆವು. ಇಂಥದ್ದನ್ನು ಕಸದ ಗಾಡಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸೇರಿಸಿಕೊಳ್ಳುವ ಹೊಣೆ ತಯಾರಕರ ಮೇಲಿದೆ.

ನೆನಪಿಡಬೇಕಾದ ಮಾತುಗಳು

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಪ್ರತಿ ಹೆಜ್ಜೆಯನ್ನೂ ಬರೆದಿಡಿ. ನನ್ನ ನೋಟ್‌ಬುಕ್ಕಿನ ಒಂದು ಪುಟ ನೋಡಿಯೇ ಕಲಬುರಗಿಯವರು ಮದರ್‌ಬೋರ್ಡಿನ ಮಾತೆತ್ತದೆ ನೇರ ಬ್ಯಾಟರಿಗೆ ಕೈ ಹಾಕಿದರು.

ಟಚ್‌ಪ್ಯಾಡ್ ಕೆಲಸ ಮಾಡದಿದ್ದರೆ ಜೋರಾಗಿ ಒತ್ತಬೇಡಿ. ಉಬ್ಬಿದ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಲು, ಚುಚ್ಚಲು, ಒತ್ತಿ ಮಟ್ಟ ಮಾಡಲು ಹೋಗಬೇಡಿ. ಅದನ್ನು ಚಾರ್ಜಿಗೂ ಹಾಕಬೇಡಿ.

ಬ್ಯಾಟರಿ ಚೆನ್ನಾಗಿದ್ದರೂ ದಿನವಿಡೀ ಚಾರ್ಜರ್ ಹಾಕಿ ಬಿಡಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇದೆ, ಇದ್ದರೆ ಬಳಸಿ. ಹಾಸಿಗೆಯ ಮೇಲೆ ಇಟ್ಟರೆ ಗಾಳಿ ಆಡದೆ ಬಿಸಿ ಏರುತ್ತದೆ, ಹಲಗೆಯ ಮೇಲೆ ಇಡಿ.

ಇವತ್ತು ಮನೆಗೋ ಹಾಸ್ಟೆಲ್‌ಗೋ ಹೋದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಮುಚ್ಚಿ ಮಟ್ಟದ ಕಲ್ಲಿನ ನೆಲದ ಮೇಲೆ ಇಡಿ. ನಾಲ್ಕೂ ಮೂಲೆ ಮೆಲ್ಲಗೆ ಮುಟ್ಟಿ. ಅಲುಗಾಡದಿದ್ದರೆ ಒಳ್ಳೆಯದು. ಅಲುಗಾಡಿದರೆ ತಳ ಉಬ್ಬಿದೆಯೇ ಎಂದು ಬಗ್ಗಿ ನೋಡಿ. ಉಬ್ಬಿದ್ದರೆ ಚಾರ್ಜರ್ ತೆಗೆದು, ಪೂರ್ತಿ ಆಫ್ ಮಾಡಿ, ಮನೆಯ ಹಿರಿಯರಿಗೆ ಕೂಡಲೇ ಹೇಳಿ.