ಮಳೆಗಾಲದಲ್ಲಿ ಜೋಗಕ್ಕೆ ಹೊರಟಿದ್ದೀರಾ?

ವಾಟ್ಸಾಪ್‌ನಲ್ಲಿ ಬಂದ ಹೋಮ್‌ಸ್ಟೇ ಫೋಟೋ ನಂಬಿ ಪೂರ್ತಿ ದುಡ್ಡು ಕಳಿಸಬೇಡಿ. ವಿಡಿಯೋ ಕಾಲ್ ಮಾಡಿ, ಅಂಗಳ ತೋರಿಸಿ ಅನ್ನಿ. ನಿಜವಾದ ಮನೆಯವರಾದರೆ ಕೊಟ್ಟಿಗೆಯ ದನವನ್ನೂ ತೋರಿಸಿಯಾರು, ಮಲೆನಾಡಿನವರು ಹಾಗೇ! ಹಣ ಹಾಕುವಾಗ ಮೊಬೈಲಿನಲ್ಲಿ ಬೇರೆಯವರ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಅಷ್ಟಾಗಿಯೂ ಮೋಸ ಹೋದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜೋಗದ ಜೊತೆಗೆ ಸಿಗಂದೂರಿಗೂ ಹೋಗುವುದಾದರೆ, ಅಲ್ಲಿಗೆ ಲಾಂಚೇ ಗತಿ ಅಂತ ಯಾರಾದರೂ ಅಂದರೆ ನಂಬಬೇಡಿ. 2025ರ ಜುಲೈನಿಂದ ಶರಾವತಿ ಹಿನ್ನೀರಿನ ಮೇಲೆ ಸೇತುವೆಯಿದೆ. ಹೊಸನಗರ ಕಡೆಯಿಂದ ಕೊಡಚಾದ್ರಿಗೆ ಜೀಪು ಹತ್ತುವ ಮೊದಲೇ ಕೇಳಿ: ಬಾಡಿಗೆ ತಲೆಗೋ, ಜೀಪಿಗೋ? ವಾಪಸ್ ಸೇರಿದೆಯೋ? ಮೇಲೆ ಎಷ್ಟು ಹೊತ್ತು ಕಾಯ್ತೀರಿ? ಮಂಜು ಮುಸುಕಿದ ಬೆಟ್ಟದ ತುದಿಯಲ್ಲಿ ಚೌಕಾಸಿ ನಡೆಯುವುದಿಲ್ಲ. ಆಗುಂಬೆ ದಾರಿಬದಿಯಲ್ಲಿ ಲೇಬಲ್ಲಿಲ್ಲದ ‘ಕಾಡುಜೇನು’ ಕಂಡರೆ ಮುಂದೆ ಸಾಗಿ. ತೀರ್ಥಹಳ್ಳಿ ಪೇಟೆಯ ಅಂಗಡಿಯಲ್ಲಿ ಬಿಲ್ ಹಾಕಿಸಿಯೇ ತಗೊಳ್ಳಿ.