ಪೂರ್ವಿಕರ ಮನೆ ಎಲ್ಲಿತ್ತು? ಹಳೆಯ ನಕ್ಷೆ, ದಾಖಲೆಗಳಲ್ಲಿ ಹುಡುಕುವ ಬಗೆ

ಮುತ್ತಜ್ಜ ಬಾಳಿದ ಜಾಗದ ಹುಡುಕಾಟ ಹೆಸರಿನಿಂದ ಶುರುವಾದರೂ ದಡ ಮುಟ್ಟುವುದು ಸರ್ವೆ ನಂಬರಿನಿಂದ. ಒಂದೇ ಊರಿನ ಕಡತದಲ್ಲಿ ಒಂದೇ ಹೆಸರಿನ ಮೂರು ನಾಲ್ಕು ಮಂದಿ ಸಿಗುತ್ತಾರೆ, ಖಾತೆಗಳೂ ಬದಲಾಗುತ್ತವೆ. ಸರ್ವೆ ನಂಬರ್ ಮಾತ್ರ ನೆಲ ಬಿಟ್ಟು ಕದಲುವುದಿಲ್ಲ. ಮರು ಸರ್ವೆಯಲ್ಲಿ ಅದು ಬದಲಾಗಿದ್ದರೂ ಹಳೆಯ ಮತ್ತು ಹೊಸ ನಂಬರುಗಳನ್ನು ದಾಖಲೆಗಳ ಮೂಲಕ ಹೊಂದಿಸಬಹುದು.

ಮೊದಲ ಕೆಲಸ ಮನೆಯೊಳಗೇ ಇದೆ. ಟ್ರಂಕಿನಲ್ಲಿರುವ ಕಂದಾಯ ರಸೀದಿ, ಕ್ರಯಪತ್ರ, ಪಾಲುಪಟ್ಟಿ, ಲಗ್ನಪತ್ರಿಕೆಗಳಲ್ಲಿ ಊರು, ಹೋಬಳಿ, ತಾಲ್ಲೂಕುಗಳ ಹೆಸರಿರುತ್ತದೆ. ಕಾಗದವೇ ಇಲ್ಲದ ಕುಟುಂಬಕ್ಕೆ ಮನೆದೇವರು ಒಳ್ಳೆಯ ಸುಳಿವು: ದೇವರು ಇರುವ ಊರಿನ ಆಸುಪಾಸಿನಿಂದಲೇ ಮನೆತನ ವಲಸೆ ಬಂದಿರುವ ಸಾಧ್ಯತೆ ಇರುತ್ತದೆ. ಉತ್ತರ ಕರ್ನಾಟಕದ ಹಲವು ಮನೆತನಗಳಿಗೆ ಹೆಳವರ ನೆರವೂ ಉಂಟು. ತಲೆಮಾರುಗಳಿಂದ ವಂಶಾವಳಿ ಹೇಳುತ್ತ ಬಂದ ಇವರ ಪುಸ್ತಕಗಳಲ್ಲಿ ಮನೆತನ ಯಾವ ಊರು ಬಿಟ್ಟು ಎಲ್ಲಿಗೆ ಬಂತೆಂಬ ವಿವರವಿರುತ್ತದೆ. ಅದನ್ನು ಕಡತದೊಂದಿಗೆ ತಾಳೆ ನೋಡಬೇಕು, ಆದರೆ ಕಡೆಗಣಿಸುವುದು ದೊಡ್ಡ ತಪ್ಪು.

ಊರು ತಿಳಿದ ಮೇಲೆ ಅದು 1956ರ ನವೆಂಬರ್ 1ಕ್ಕೆ ಮೊದಲು ಯಾರ ಆಡಳಿತದಲ್ಲಿತ್ತು ಎಂದು ನೋಡಬೇಕು. ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು – ಒಂದೊಂದರ ದಾಖಲೆ ಪದ್ಧತಿ ಒಂದೊಂದು ಬಗೆ. ಮೈಸೂರು ಭಾಗದಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳು ಸಿಗುತ್ತವೆ. ಮುಂಬೈ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ, ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿ ಇರಬಹುದು. ಮದ್ರಾಸ್ ಆಡಳಿತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಅಡಂಗಲ್ (ಪಹಣಿ), ವರ್ಗ (ಹಿಡುವಳಿ)ಗಳ ಲೆಕ್ಕ. ಹೈದರಾಬಾದ್ ಭಾಗದ ಉರ್ದು ಕಡತಗಳಲ್ಲಿ ಫಸಲಿ ಎಂಬ ಕಂದಾಯ ವರ್ಷವಿದ್ದರೆ ಇಸವಿ ತಿಳಿಯಲು 590 ಕೂಡಿಸಬೇಕು: ಫಸಲಿ 1344 ಎಂದರೆ 1934–35. 1997ರಲ್ಲಿ ಹೊಸ ಜಿಲ್ಲೆಗಳಾದ ಹಾವೇರಿ, ಗದಗ, ಕೊಪ್ಪಳ, ಚಾಮರಾಜನಗರದಂಥ ಕಡೆಗಳವರು ಹಳೆಯ ಜಿಲ್ಲಾ ಕೇಂದ್ರದಲ್ಲೂ ವಿಚಾರಿಸುವುದು ಒಳಿತು.

ಇಲ್ಲಿಂದ ಹುಡುಕಾಟ ಹಿಮ್ಮುಖ. ಇಂದಿನ ಪಹಣಿ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ. ಅದರಲ್ಲಿ ನಮೂದಾದ ಎಂ.ಆರ್. ಸಂಖ್ಯೆ ಹಿಡಿದು ಮ್ಯುಟೇಶನ್ ರಿಜಿಸ್ಟರ್ ತೆಗೆಸಿದರೆ ಜಮೀನು ಯಾರಿಂದ ಯಾರಿಗೆ ಬಂತೆಂದು ತಿಳಿಯುತ್ತದೆ. ಪೌತಿ ಖಾತೆಯ ನಮೂದು ಸಿಕ್ಕರೆ ತೀರಿಕೊಂಡವರ ಹೆಸರು, ವಾರಸುದಾರರ ಹೆಸರು ಒಟ್ಟಿಗೇ ದೊರೆಯುತ್ತವೆ. ಕೈಬರಹದ ಹಳೆಯ ಪಹಣಿಗಳಿಗೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ನಕಲು ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರ್, ಬೇಕಾದ ವರ್ಷಗಳನ್ನು ಸ್ಪಷ್ಟವಾಗಿ ಬರೆಯಬೇಕು. ‘ನಮ್ಮ ತಾತನ ಜಮೀನಿನ ದಾಖಲೆ’ ಎಂದಷ್ಟೇ ಬರೆದರೆ ಹುಡುಕುವವರಿಗೂ ದಾರಿ ತೋಚದು.

ನಂತರ ನಕ್ಷೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರುಗಳ ಜೊತೆಗೆ ಕೆರೆ, ಹಳ್ಳ, ದಾರಿ, ಮನೆಗಳಿರುವ ಗ್ರಾಮಠಾಣಾ ಗುರುತಾಗಿರುತ್ತವೆ. ಇಲಾಖೆಯ ಜಾಲತಾಣದಿಂದ ಇದನ್ನು ಇಳಿಸಿಕೊಳ್ಳಬಹುದು. ಮೂಲ ಟಿಪ್ಪಣಿಯಲ್ಲಿ ಆ ಒಂದೇ ಜಮೀನಿನ ಅಳತೆ ಇರುತ್ತದೆ. ದಿಶಾಂಕ್ ಆ್ಯಪ್ ಇರುವ ಮೊಬೈಲ್ ಹಿಡಿದು ಜಾಗಕ್ಕೆ ಹೋದರೆ ನಿಂತಿರುವ ನೆಲದ ಸರ್ವೆ ನಂಬರ್ ತೆರೆಯ ಮೇಲೆ ಬರುತ್ತದೆ. ಹಳೆಯ ಕಾಲುದಾರಿ, ಈಗ ಮುಚ್ಚಿಹೋದ ಕೆರೆಗಳಿಗೆ ಸರ್ವೆ ಆಫ್ ಇಂಡಿಯಾದ ಮೈಲಿಗೆ ಒಂದು ಅಂಗುಲ ಅಳತೆಯ ಹಳೆಯ ಹಾಳೆಗಳನ್ನು ನೋಡಬೇಕು.

ಇಷ್ಟಾದರೂ ಸಿಕ್ಕಿದ್ದು ಹೊಲ, ಮನೆಯಲ್ಲ. ಗ್ರಾಮಠಾಣಾದೊಳಗಿನ ಮನೆ ಪಹಣಿಗೆ ಬರುವುದೇ ಇಲ್ಲ. ಹಲವರು ಎಡವುವುದು ಇಲ್ಲೇ. ಪಂಚಾಯಿತಿಯ ಮನೆಗಂದಾಯದ ರಿಜಿಸ್ಟರ್ ಒಂದು ಆಧಾರ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಂಥ ಪಟ್ಟಣಗಳಲ್ಲಿ ಸಿ.ಟಿ.ಎಸ್. (ನಗರ ಸರ್ವೆ) ನಂಬರ್ ನೋಡಬೇಕು. ಎಲ್ಲಕ್ಕಿಂತ ಬೆಲೆಯುಳ್ಳದ್ದು ನೋಂದಾಯಿತ ಪತ್ರದ ಚಕ್ಕುಬಂದಿ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಬಸವಣ್ಣನ ಗುಡಿ, ದಕ್ಷಿಣಕ್ಕೆ ಸರ್ಕಾರಿ ಬಾವಿ ಎಂದಿದ್ದರೆ ಗುಡಿ ಮತ್ತು ಬಾವಿಯನ್ನು ಮೊದಲು ಗುರುತಿಸಿ, ನೆರೆಯವರ ಮೊಮ್ಮಕ್ಕಳನ್ನು ವಿಚಾರಿಸಿದರೆ ನಿವೇಶನ ತಾನಾಗಿ ತೆರೆದುಕೊಳ್ಳುತ್ತದೆ. ಪತ್ರ ಕೈಯಲ್ಲಿಲ್ಲದವರು ಉಪನೋಂದಣಿ ಕಚೇರಿಯಲ್ಲಿ ಹೆಸರನ್ನು ಒಂದನೆಯ ಇಂಡೆಕ್ಸ್‌ನಲ್ಲಿ, ಸ್ವತ್ತನ್ನು ಎರಡನೆಯದರಲ್ಲಿ ಹುಡುಕಿಸಬಹುದು.

ಜಮೀನಿಲ್ಲದವರಿಗೆ, ಕೂಲಿ ಮಾಡಿ ಬದುಕಿದವರಿಗೆ ಕಂದಾಯ ಕಡತ ಬಹುಪಾಲು ಮೌನ. ಅವರ ಹೆಜ್ಜೆಗುರುತು ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಜನನ–ಮರಣ ರಿಜಿಸ್ಟರಿನಲ್ಲಿ, ಹಳೆಯ ಮತದಾರರ ಪಟ್ಟಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ಮೈಸೂರು ಸಂಸ್ಥಾನದ ಕಡತಗಳಿವೆ.

ಕೆಲವೊಮ್ಮೆ ಊರೇ ಇರುವುದಿಲ್ಲ. ಜನ ಬಿಟ್ಟುಹೋದ ಗ್ರಾಮ ಬೇಚರಾಕ್ ಎಂದು ಕಂದಾಯ ಪಟ್ಟಿಯಲ್ಲಿ ಉಳಿದಿರುತ್ತದೆ. ಅದರ ನಕ್ಷೆಯೂ ಸಿಗುತ್ತದೆ. ಕನ್ನಂಬಾಡಿ ಕಟ್ಟೆಗೆ, 1964ರ ಲಿಂಗನಮಕ್ಕಿ ಜಲಾಶಯಕ್ಕೆ ಮುಳುಗಿದ ಊರುಗಳ ಕುಟುಂಬಗಳು ಭೂಸ್ವಾಧೀನ ಮತ್ತು ಪುನರ್ವಸತಿ ಕಡತಗಳನ್ನು ಕೇಳಬೇಕು. ಯಾರ ಯಾವ ಜಮೀನು ನೀರಿಗೆ ಹೋಯಿತು, ಬದಲಿಗೆ ಎಲ್ಲಿ ಜಾಗ ಕೊಟ್ಟರು ಎಂಬ ವಿವರ ಇರಬೇಕಾದದ್ದು ಅಲ್ಲಿಯೇ.