ಬೆನ್ನುನೋವಿಗೆ ಮನಸ್ಸಿನ ಚಿಕಿತ್ಸೆಯೇ?

'ಡಾಕ್ಟ್ರೇ, ನೋವಿರುವುದು ಸೊಂಟದಲ್ಲಿ. ಮನೋವೈದ್ಯರ ವಿಭಾಗಕ್ಕೆ ಹೋಗಿ ಅಂತೀರಲ್ಲ, ನನಗೇನು ಹುಚ್ಚೇ?' ವರ್ಷಗಟ್ಟಲೆ ಬೆನ್ನುನೋವಿನಿಂದ ಬಳಲಿದವರು ಹೀಗೆ ಸಿಟ್ಟಾಗುವುದುಂಟು. ಆದರೆ ಈ ಸಲಹೆಯ ಅರ್ಥ ನಿಮ್ಮ ನೋವು ಸುಳ್ಳು ಎಂದಲ್ಲ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತೇವೆ. ಇಂಥ ಬಹುಪಾಲು ಬೆನ್ನುನೋವಿಗೆ ಇದೇ ಕಾರಣವೆಂದು ಬೊಟ್ಟು ಮಾಡಲಾಗದು. ಸ್ಕ್ಯಾನ್ ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದಿದ್ದರೂ ಅದೇ ಕಾರಣವಾಗಿರಬೇಕಿಲ್ಲ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಎಂಆರ್‌ಐ ಮಾಡಿದಾಗ ಶೇ. 52 ಜನರಲ್ಲಿ ಡಿಸ್ಕ್ ಉಬ್ಬಿತ್ತು!

ನೋವಿನ ವಿಷವರ್ತುಲ

ನೋವಿನ ಅನುಭವ ರೂಪುಗೊಳ್ಳುವುದು ಮಿದುಳಿನಲ್ಲಿ. ಪೆಟ್ಟು ಮಾಗಿದ ಮೇಲೂ ನರಮಂಡಲ ಅಪಾಯದ ಗಂಟೆ ಬಾರಿಸುತ್ತಲೇ ಇರಬಹುದು. ಚಿಂತೆ, ನಿದ್ರಾಹೀನತೆಗಳು ಅದರ ಸದ್ದನ್ನು ಹೆಚ್ಚಿಸುತ್ತವೆ. 'ಬಗ್ಗಿದರೆ ಬೆನ್ನು ಮುರಿದೀತು' ಎಂದು ಅಂಜಿ ಹಾಸಿಗೆ ಹಿಡಿದರೆ ಸ್ನಾಯುಗಳು ಸೊರಗುತ್ತವೆ. ಆಮೇಲೆ ಸಣ್ಣ ಕೆಲಸಕ್ಕೂ ನೋವು, ನೋವಿನಿಂದ ಮತ್ತಷ್ಟು ಅಂಜಿಕೆ.

ಚಿಕಿತ್ಸೆ ಹೇಗೆ?

ಈ ವರ್ತುಲವನ್ನು ಮುರಿಯುವುದೇ ಅರಿವು-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ. ನೋವು ಬಂದಾಗ ಮೂಡುವ ಭೀತಿಯ ಯೋಚನೆಗಳನ್ನು ಗುರುತಿಸಿ, ಅವು ಎಷ್ಟು ನಿಜವೆಂದು ಪರೀಕ್ಷಿಸಲು ಚಿಕಿತ್ಸಕರು ಕಲಿಸುತ್ತಾರೆ. ನೋವು ಕಡಿಮೆಯಿದ್ದ ದಿನ ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆದು, ಮೂರು ದಿನ ಮಲಗುವ ಗೃಹಿಣಿಯರಿದ್ದಾರೆ. ಅದರ ಬದಲು ದಿನವೂ ಹತ್ತು ನಿಮಿಷ ಕೆಲಸ, ನಡುವೆ ವಿಶ್ರಾಂತಿ. ತಾಳಿಕೆ ಬಂದಂತೆ ಅವಧಿ ಹೆಚ್ಚಿಸುವುದು. ಜತೆಗೆ ಸ್ನಾಯು ಸಡಿಲಿಸುವ ಅಭ್ಯಾಸ, ನಿದ್ರೆಯ ಶಿಸ್ತು.

ಫಲವುಂಟೇ? 2016ರಲ್ಲಿ ಪ್ರಕಟವಾದ, 342 ಮಂದಿಯ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ 26 ವಾರಗಳ ನಂತರ ಸಿಬಿಟಿ ಪಡೆದವರಲ್ಲಿ ಸುಮಾರು ಶೇ. 58, ಧ್ಯಾನಾಧಾರಿತ ತರಬೇತಿ ಪಡೆದವರಲ್ಲಿ ಶೇ. 61 ಮಂದಿಯ ದೈನಂದಿನ ಚಟುವಟಿಕೆ ಗಮನಾರ್ಹವಾಗಿ ಸುಧಾರಿಸಿತ್ತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಈ ಪ್ರಮಾಣ ಶೇ. 44. ಇದು ಪವಾಡವಲ್ಲ, ನೋವು ಪೂರ್ತಿ ಮಾಯವಾಗದಿರಬಹುದು, ಆದರೆ ಬದುಕು ಮರಳಿ ಕೈಗೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ವ್ಯಾಯಾಮದ ಜತೆಗೆ ಸಿಬಿಟಿಯನ್ನು ಸೂಚಿಸಿದೆ.

ಎಚ್ಚರಿಕೆ

ಮೊದಲು ವೈದ್ಯರ ಪರೀಕ್ಷೆ ಅಗತ್ಯ. ಮಲಮೂತ್ರದ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಸಂದಿಯಲ್ಲಿ ಜೋಮು, ಕಾಲಿನ ಬಲ ಕುಂದುವುದು ಕಂಡರೆ ಅಂದೇ ಆಸ್ಪತ್ರೆಗೆ ಧಾವಿಸಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದ ನಂತರದ ನೋವು ಇವುಗಳನ್ನೂ ಕಡೆಗಣಿಸಬೇಡಿ.

ಅಂಥದ್ದೇನೂ ಇಲ್ಲವೆಂದಾದರೆ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಬಗ್ಗೆ ವಿಚಾರಿಸಿ. ಮನೆಯವರಿಗೂ ಒಂದು ಮಾತು: 'ಎಲ್ಲಾ ನಾಟಕ' ಎನ್ನಬೇಡಿ. ನೋಯುವವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳಲೂ ಬೇಡಿ. ಸಂಜೆ ಅವರ ಜತೆ ನಾಲ್ಕು ಹೆಜ್ಜೆ ನಡೆಯಿರಿ.